ಕೂಲಂಟ್ ಬದಲಿಸಿದ ಮ್ಯಾಲೆ ಗಾಡಿ ಕಾಯಾಕತ್ತೈತಿ, ಬಾಟ್ಲಿ ತುಂಬಿ ಚೆಲ್ಲಾಕತ್ತೈತಿ

ವಿಜಯಪುರದಿಂದ:
200 ಸಿಸಿ, ಸಿಂಗಲ್ ಸಿಲಿಂಡರ್, ಲಿಕ್ವಿಡ್ ಕೂಲ್ಡ್ ಬೈಕ್. ರವಿವಾರ ಹಳೇ ಕೂಲಂಟ್ (ಇಂಜಿನ್ ತಂಪಿಡೋ ದ್ರವ) ಇಳಿಸಿ ಹೊಸಾದು ಹಾಕೇನ್ರಿ. ಸೋಲಾಪುರ ರೋಡಿಗೆ 70–80ರಾಗ ಹೊಂಟ್ರ ಏನೂ ತಕರಾರಿಲ್ಲ. ಗಾಂಧಿ ಚೌಕದಾಗ ಗದ್ದಲಕ್ಕ ಸಿಕ್ಕು ನಿಂತ್ರ ಮೀಟರಿನ್ಯಾಗ ಇಂಜಿನ್ ಶಾಖ ತೋರಿಸೋ ಕಡ್ಡಿ ಒಮ್ಮೆಲೇ ಏರ್ತಾವು, ಮತ್ತ ತಾವ ಇಳೀತಾವು. ಇಂಜಿನ್ ಬಂದ್ ಮಾಡಿದ್ರ ಗುಳುಗುಳು ಸಪ್ಪಳ, ಹೆಚ್ಚಾದ ಕೂಲಂಟ್ ಹಿಡಿಯೋ ರಿಸರ್ವ್ ಬಾಟ್ಲಿ ಮೇಲಿನ ಗೆರಿ ದಾಟಿ ಕೆಳಗ ಹನೀತೈತಿ. ಮುಂಜಾನೆ ಪೂರಾ ತಣ್ಣಗಾಗಿದ್ರೂ ಬಾಟ್ಲಿ ತುಂಬೇ ಇರ್ತೈತಿ. ಕೂಲಂಟ್ ತಿರುಗಿಸೋ ವಾಟರ್ ಪಂಪ್ ಬದಲಿಸ್ರಿ ಅಂತ ಒಬ್ರು ಮೆಕ್ಯಾನಿಕ್ ಹೇಳ್ಯಾರ. ಬದಲಿಸಬೇಕೇನ್ರಿ?

ಗೋಕಾಕದಿಂದ:
ಪಂಪಿಗೆ ಈಗ ಕೈ ಹಚ್ಚಬ್ಯಾಡ್ರಿ. ಮೊದಲ ಎರಡು ಅಳತಿ ಹೇಳ್ರಿ. ಇಳಿಸಿದಾಗ ಎಷ್ಟು ಬಂತು, ತುಂಬಿದಾಗ ಎಷ್ಟು ಹಿಡೀತು? ಬಾಟ್ಲಿದು ಬಿಟ್ಟು, ಬರೇ ರೇಡಿಯೇಟರ್ ಮತ್ತ ಇಂಜಿನ್‌ದು. ಕೂಲಂಟ್ ರೆಡಿಮಿಕ್ಸೋ (ಹಂಗ ಹಾಕೂದು), ಕಾನ್ಸಂಟ್ರೇಟೋ (ನೀರು ಬೆರೆಸಿ ಹಾಕೂದು)? ಫ್ಯಾನ್ ತಿರಗತೈತೇನು?

ವಿಜಯಪುರದಿಂದ:
ಹಳೇದು ಕ್ಯಾನಿನ್ಯಾಗ ಹಿಡಿದಿಟ್ಟೀನಿ, ಅಳದ್ರ 950 ಮಿಲಿ. ಹೊಸಾದು 1 ಲೀಟರ್ ಡಬ್ಬಿ, ಅದರಾಗ 300 ಮಿಲಿ ಇನ್ನೂ ಉಳದೈತಿ. ರೆಡಿಮಿಕ್ಸ್. ಫ್ಯಾನ್ ಒಮ್ಮೊಮ್ಮೆ ತಿರಗತೈತಿ, ಒಮ್ಮೊಮ್ಮೆ ಇಂಜಿನ್ ಹತ್ರ ಕೈ ಒಯ್ಯಾಕಾಗದಷ್ಟು ಕಾದಿದ್ರೂ ಸುಮ್ಮನ ಇರ್ತೈತಿ.

ಗೋಕಾಕದಿಂದ:
ಅಲ್ಲೇ ಐತಿ ನೋಡ್ರಿ ಉತ್ತರ. 950 ಹೋಗಿ 700 ಬಂದೈತಿ. ಉಳಿದ 250 ಮಿಲಿ ಜಾಗಾದಾಗ ಗಾಳಿ ಕುಂತೈತಿ. ಆ ಗಾಳಿ ಇಂಜಿನ್ನಿನ ತಲಿ, ಅಂದ್ರ ಸಿಲಿಂಡರ್ ಹೆಡ್ಡಿನ ಮೇಲ್ಭಾಗಕ್ಕ ಸೇರ್ತೈತಿ, ಟೆಂಪರೇಚರ್ ಸೆನ್ಸರ್ ಇರೂದೂ ಬಹಳಷ್ಟು ಗಾಡಿಯೊಳಗ ಅಲ್ಲೇ ಆಸುಪಾಸು. ಸೆನ್ಸರ್ ಗಾಳಿಯೊಳಗ ಇದ್ದಾಗ ಇಂಜಿನ್ ಕಾದಿದ್ದು ಅದಕ್ಕ ಸರಿಯಾಗಿ ಗೊತ್ತಾಗೂದಿಲ್ಲ, ಹಂಗಾಗಿ ಫ್ಯಾನ್ ಸುಮ್ಮನಿರ್ತೈತಿ. ಕುದಿಯೋ ಕೂಲಂಟ್ ಬಂದು ತಾಕಿದ ಕೂಡಲೇ ಕಡ್ಡಿ ಜಿಗೀತಾವು. ಪಂಪ್ ಕೆಟ್ಟಿದ್ರ ಕಡ್ಡಿ ಹಿಂಗ ಏರಿಳಿತ ಮಾಡೂದಿಲ್ಲ, ಹೈವೇದಾಗೂ ಕಾಯ್ತಿತ್ತು.

ಗಾಳಿ ತೆಗೆಯೋದು ಹಿಂಗ. ಗಾಡಿ ರಾತ್ರಿ ಪೂರಾ ತಣ್ಣಗಾಗಿರಬೇಕು. ಕಾದಾಗ ರೇಡಿಯೇಟರ್ ಮುಚ್ಚಳ ತಿರುವಿದ್ರ ಮಾರಿ ಸುಟ್ಕೋತೀರಿ. ಒಳಗ 1.1 ಬಾರ್ ಆಸುಪಾಸಿನ ಒತ್ತಡ ಇರ್ತೈತಿ, ತೆಗೆದ ಕ್ಷಣಕ್ಕ ಕುದಿಯೋ ಕೂಲಂಟ್ ಉಗಿ ಕೂಡ ಚಿಮ್ಮತೈತಿ. ಮುಂದಿನ ಗಾಲಿ ಒಂದು ಮೆಟ್ಟಲ ಮ್ಯಾಲೆ ಏರಿಸಿ, ರೇಡಿಯೇಟರ್ ಬಾಯಿ ಇಡೀ ವ್ಯವಸ್ಥಾಕ್ಕ ಎತ್ತರದ ಜಾಗಾ ಆಗೂಹಂಗ ನಿಲ್ಲಿಸ್ರಿ. ಬಾಯಿ ಬಲಕ್ಕಿದ್ರ ಸೈಡ್ ಸ್ಟ್ಯಾಂಡ್ ಸಾಕು, ಎಡಕ್ಕಿದ್ರ ಗಾಡಿ ಬಲಕ್ಕ ವಾಲಿಸಿ ಹಿಡಿಯಾಕ ಇನ್ನೊಬ್ರು ಬೇಕು. ಹೆಡ್ ಹತ್ರ ಅಥವಾ ಪಂಪ್ ಕವರಿನ ಮ್ಯಾಲೆ ಏರ್ ಬ್ಲೀಡ್ ಬೋಲ್ಟ್ ಇದ್ರ ಎರಡು ಸುತ್ತು ಸಡಲಿಸಿ, ಗುಳ್ಳಿ ನಿಂತು ಬರೇ ಕೂಲಂಟ್ ಬರೂತನಕ ಸಣ್ಣ ಧಾರಿಯಾಗಿ ಹಾಕ್ಕೋತ ಹೋಗ್ರಿ, ಆಮ್ಯಾಲೆ ಬಿಗೀರಿ. ಬೋಲ್ಟ್ ಇಲ್ಲದಿದ್ರ ಮೇಲಿನ ಮತ್ತ ಕೆಳಗಿನ ಹೋಸ್ ಪೈಪ್ ಕೈಲೆ ಹಿಚುಕ್ರಿ, ಆಕಳ ಹಿಂಡಿದಂಗ ಸಾವಕಾಶ. ಬುಳುಕ್ ಅಂತ ಗುಳ್ಳಿ ಬಂದಾಗೊಮ್ಮೆ ಮಟ್ಟ ಇಳೀತೈತಿ, ಮತ್ತ ತುಂಬ್ರಿ.

ಆಮ್ಯಾಲೆ ಮುಚ್ಚಳ ತಗದಿಟ್ಟೇ ಚಾಲೂ ಮಾಡ್ರಿ. ಥರ್ಮೋಸ್ಟಾಟ್ (ಶಾಖಕ್ಕ ತೆರೆಯೋ ವಾಲ್ವ್) ಮುಚ್ಚಿರೋತನಕ ರೇಡಿಯೇಟರಿಗೆ ಹೋಗೋ ಪೈಪ್ ತಣ್ಣಗ ಇರ್ತೈತಿ. ಸುಮಾರು 70–85 ಡಿಗ್ರಿಗೆ ಅದು ತೆರೆದಾಗ ಪೈಪ್ ಒಮ್ಮೆಲೇ ಬಿಸಿ ಆಗ್ತೈತಿ, ಬಾಯಾಗಿನ ಮಟ್ಟ ಧಡಕ್ ಅಂತ ಇಳೀತೈತಿ. ಬಹಳ ಮಂದಿ ತಪ್ಪೂದು ಇಲ್ಲೇ. ತಣ್ಣಗಿದ್ದಾಗ ತುಂಬಿ, ಇಷ್ಟ ಹಿಡೀತು ಅಂತ ಮುಚ್ಚಳ ಹಾಕಿ ಕೈ ತೊಳಕೋತಾರ. ಇಳಿದಷ್ಟು ತುಂಬಿ, ಎರಡು ಮೂರು ಸಲ ಹಗುರಕ 3000 ಆರ್‌ಪಿಎಂತನಕ ರೇಸ್ ಕೊಡ್ರಿ. ಮಟ್ಟ ಉಬ್ಬಿ ಬಾಯಿಗೆ ಬರಾಕತ್ತಿದ್ರ ಮುಚ್ಚಳ ಹಾಕಿಬಿಡ್ರಿ, ಕುದಿಯೂತನಕ ಕಾಯಬ್ಯಾಡ್ರಿ. ನಿಮ್ಮ ಡಬ್ಬಿಯೊಳಗಿನ 300ರಾಗ ಹತ್ರಹತ್ರ 250 ಹೋಗಬೇಕು. ಹೋಗದಿದ್ರ ಕೆಲಸ ಮುಗದಿಲ್ಲ.

ಇಳಕಲ್ಲಿನಿಂದ:
ಗಾಳಿದು ಒಪ್ಪಿದೆ. ಆದ್ರ ತಣ್ಣಗಾದ ಮ್ಯಾಲೂ ಬಾಟ್ಲಿ ತುಂಬಿರೂದು ಬ್ಯಾರೇನ ರೋಗ. ಮುಚ್ಚಳದಾಗ ಎರಡು ವಾಲ್ವ್ ಇರ್ತಾವು. ಕಾದಾಗ ಒತ್ತಡದ ವಾಲ್ವ್ ತೆರೆದು ಹೆಚ್ಚಾದದ್ದನ್ನ ಬಾಟ್ಲಿಗೆ ದಬ್ಬತೈತಿ, ತಣ್ಣಗಾದಾಗ ನಡುವಿನ ಸಣ್ಣ ವಾಲ್ವ್ ತೆರೆದು ಬಾಟ್ಲಿಯಿಂದ ವಾಪಸ್ ಎಳಕೋತೈತಿ. ನಿಮ್ಮ ಗಾಡಿ ವಾಪಸ್ ಎಳಕೊಳ್ಳಾಕತ್ತಿಲ್ಲ. ಈ ಎಳತ ಸರಿ ಇದ್ದಿದ್ರ ಸ್ವಲ್ಪ ಗಾಳಿ ಉಳದಿದ್ರೂ ನಾಕು ದಿನದಾಗ ತಾನ ಹೊರಬೀಳ್ತಿತ್ತು. ಮುಂಜಾನೆ ಮೇಲಿನ ಹೋಸ್ ಪೈಪ್ ಚಪ್ಪಟಿ ಆಗಿರ್ತೈತೋ, ಗುಂಡಗ ಇರ್ತೈತೋ?

ವಿಜಯಪುರದಿಂದ:
ಗುಂಡಗ ಐತ್ರಿ.

ಇಳಕಲ್ಲಿನಿಂದ:
ಹಂಗಾರ ವಾಲ್ವ್ ಬರೋಬ್ಬರಿ ಐತಿ. ಚಪ್ಪಟಿ ಆಗಿದ್ರ ವಾಲ್ವ್ ಸಿಕ್ಕೊಂಡೈತಿ, ಇಲ್ಲಾ ಬಾಟ್ಲಿಗೆ ಹೋಗೋ ಓವರ್‌ಫ್ಲೋ ಪೈಪ್ ಮಡಚೈತಿ ಅಂತಿದ್ದೆ. ಗುಂಡಗ ಇದ್ರ ಎಲ್ಲ್ಯೋ ಗಾಳಿ ಒಳಗ ಬರಾಕತ್ತೈತಿ, ಕೂಲಂಟಿನ ಬದಲಿ ಗಾಳೀನ ಎಳಕೋತೈತಿ. ನೋಡಬೇಕಾದ್ದು ಎರಡ ಜಾಗಾ. ಮುಚ್ಚಳದ ಮೇಲಿನ ದೊಡ್ಡ ರಬ್ಬರ್ ವಾಷರ್ (ಕೆಳಗಿನ ಸಣ್ಣದಲ್ಲ), ಮತ್ತ ರೇಡಿಯೇಟರ್ ಬಾಯಿಂದ ಬಾಟ್ಲಿಗೆ ಹೋಗೋ ಆ ಸಣ್ಣ ಓವರ್‌ಫ್ಲೋ ಪೈಪ್. ಪೈಪಿನ ರೇಡಿಯೇಟರ್ ಕಡಿ ತುದಿ ಬಿಚ್ಚಿ ಸೈಕಲ್ ಪಂಪಿನಿಂದ ಗಾಳಿ ಹಾಕ್ರಿ, ಬಾಟ್ಲಿ ತಳದಾಗ ಗುಳ್ಳಿ ಏಳಬೇಕು. ಬಾಯಿಲೆ ಊದಬ್ಯಾಡ್ರಿ, ಕೂಲಂಟಿನ್ಯಾಗಿರೋ ಎಥಿಲೀನ್ ಗ್ಲೈಕಾಲ್ ಅಂದ್ರ ವಿಷ. ರುಚಿ ಸಿಹಿ, ಚೆಲ್ಲಿದ್ದನ್ನ ನಾಯಿ, ದನ ನೆಕ್ಕತಾವು. ಹನಿದ ಜಾಗಾ ತೊಳೀರಿ.

ಬಾಗಲಕೋಟಿಯಿಂದ:
ನಡುವ ಒಂದು ಮಾತು. ಮಟ್ಟ ಕಡಿಮಿ ಬಿತ್ತಂತ ಬೋರ್ ನೀರು ಹಾಕಬ್ಯಾಡ್ರಿ. ನಮ್ಮ ಕಡಿ ಬೋರ್ ನೀರು ಬಿಂದಿಗಿಯೊಳಗ ಬಿಳೇ ಪದರ ಕಟ್ಟೂದು ನೋಡೀರಲ್ಲ, ರೇಡಿಯೇಟರಿನ ಸಣ್ಣ ನಳಿಗಿಯೊಳಗೂ ಅದ ಕಟ್ಟತೈತಿ. ಬ್ಯಾಟರಿ ಅಂಗಡ್ಯಾಗಿನ ಡಿಸ್ಟಿಲ್ಡ್ ವಾಟರ್ ನಡೀತೈತಿ, ಆದ್ರ ಅಲ್ಲೇ ಬ್ಯಾಟರಿ ಆಸಿಡ್ ಕ್ಯಾನೂ ಇಟ್ಟಿರ್ತಾರ, ಲೇಬಲ್ ಓದ್ರಿ. ಕಾನ್ಸಂಟ್ರೇಟ್ ತಂದವರು ಅರ್ಧಕ್ಕರ್ಧ ನೀರು ಬೆರೆಸಬೇಕು. ಬರೇ ಕಾನ್ಸಂಟ್ರೇಟ್ ಹಾಕಿದ್ರ ಇನ್ನೂ ತಂಪು ಅನ್ನೋರು ಅದಾರ, ಅದು ಉಲ್ಟಾ. ಗ್ಲೈಕಾಲಿಗಿಂತ ನೀರ ಹೆಚ್ಚು ಶಾಖ ಹೊರತೈತಿ. ಹಸಿರು ಕೂಲಂಟಿನ ಮ್ಯಾಲೆ ಕೇಸರಿ ಕೂಲಂಟ್ ಸುರಿಯೂದೂ ಬ್ಯಾಡ. ಬಣ್ಣ ಕಂಪನಿಯವರು ಮನಸ್ಸಿಗೆ ಬಂದಂಗ ಹಾಕ್ತಾರ, ಡಬ್ಬಿ ಮ್ಯಾಲಿನ ಜಾತಿ ನೋಡ್ರಿ.

ವಿಜಯಪುರದಿಂದ:
ಗುಳ್ಳಿ ಏಳಲಿಲ್ಲ. ಡ್ರೇನ್ ಮಾಡುವಾಗ ಬಾಟ್ಲಿ ಬಿಚ್ಚಿದ್ದೆ, ಕ್ಲಿಪ್ ಕೂಡ್ರೋ ಜಾಗಾದಾಗ ಪೈಪ್ ಉದ್ದಕ ಸೀಳೈತಿ. ಅದ ಒಳವ್ಯಾಸದ ಹೊಸಾ ರಬ್ಬರ್ ಪೈಪ್ ಹಾಕಿ, ಹೇಳಿದಂಗ ಗಾಳಿ ತೆಗೆದೆ. 240 ಮಿಲಿ ಹಿಡೀತು. 20 ನಿಮಿಷ ನಿಂತಲ್ಲೇ ಚಾಲೂ ಇಟ್ಟೆ, ಫ್ಯಾನ್ ನಾಕು ಸಲ ಹತ್ತಿ ಆರಿತು, ಕಡ್ಡಿ ಸ್ಥಿರ. ಮುಂಜಾನೆ ನೋಡಿದ್ರ ಬಾಟ್ಲಿ ಒಂದು ಬೆರಳು ಇಳದೈತಿ.

ಇಳಕಲ್ಲಿನಿಂದ:
ಇಳೀಬೇಕಾದ್ದ ಅದು. ಎರಡು ಗೆರಿ ನಡುವ ಬರೂಹಂಗ ಬಾಟ್ಲಿಗೆ ಹಾಕ್ರಿ, ಇನ್ನ ಎರಡು ಮುಂಜಾನೆ ತಣ್ಣಗಿದ್ದಾಗ ನೋಡ್ರಿ. ಆಮ್ಯಾಲೂ ದಿನಾ ಇಳಿದ್ರ ಪಂಪ್ ಕೆಳಗಿನ ಸಣ್ಣ ತೂತಿನ್ಯಾಗ ಹನಿ ಐತೇನು ನೋಡ್ರಿ, ಇದ್ದರ ಸೀಲ್ ಹೋಗೈತಿ. ಅಲ್ಲಿ ಒಣಗಿದ್ದು, ತಣ್ಣನ ಇಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷದಾಗ ಹೋಸ್ ಪೈಪ್ ಕಲ್ಲಿನಂಗ ಬಿಗಿ ಆದ್ರ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಹೆಡ್ ಕೆಳಗಿನ ಸೀಲ್) ಸಂಶಯ. ಇಂಜಿನ್ ಆಯಿಲ್ ಮಟ್ಟ ನೋಡೋ ಗಾಜಿನ್ಯಾಗ ಹಾಲು ಹಾಕಿದ ಚಹಾದ ಬಣ್ಣ ಕಂಡ್ರ ಗಾಡಿ ಚಾಲೂ ಮಾಡಬ್ಯಾಡ್ರಿ, ಎತ್ತಿಸಿಕೊಂಡು ಒಯ್ರಿ.