ಸಲಹೆ ಪೆಟ್ಟಿಗೆ ಖಾಲಿ ಬಿದ್ದಿದೆ, ಆಪರೇಟರ್‌ಗಳಿಂದ ಐಡಿಯಾ ಬರಬೇಕಾದರೆ ಏನು ಮಾಡಬೇಕು?

ಪೀಣ್ಯ_ಸೆಕೆಂಡ್_ಸ್ಟೇಜ್
18 ಜನರ ಮಶೀನ್ ಶಾಪ್, 4 ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಲೇತ್, 2 ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮಶೀನ್). ಸಲಹೆ ಪೆಟ್ಟಿಗೆ ಇದೆ, ತಿಂಗಳ ಒಳ್ಳೆಯ ಐಡಿಯಾಗೆ 1,000 ರೂಪಾಯಿ ಬಹುಮಾನವೂ ಇದೆ. ಆದರೂ ಒಂದು ಚೀಟಿ ಬೀಳಲ್ಲ. ವಿಎಂಸಿಯಲ್ಲಿ ಓಡೋ ಬ್ರಾಕೆಟ್‌ಗೆ ರಿಜೆಕ್ಷನ್ ಜಾಸ್ತಿ: ಕೆಲವು ಉಲ್ಟಾ ಕೂರುತ್ತವೆ, ಕೆಲವು ಓರೆಯಾಗಿ ಬರುತ್ತವೆ. ಆಪರೇಟರ್‌ಗಳಿಗೆ ಕಾರಣ ಗೊತ್ತು, ಬಾಯಿ ಬಿಡಲ್ಲ. ಏನು ಬದಲಾಯಿಸಬೇಕು?

ಗೇಜ್_ಬ್ಲಾಕ್
ಮೊದಲು ಆ ಪೆಟ್ಟಿಗೆ ತೆಗೀರಿ ಸರ್. ಬೀಗದೊಳಗೆ ಹೋದ ಚೀಟಿ ಏನಾಯಿತು ಅಂತ ಬರೆದವನಿಗೆ ಗೊತ್ತಾಗಲ್ಲ, ಎರಡನೇ ಸಲ ಬರೆಯಲ್ಲ. ಮಶೀನ್ ಪಕ್ಕದಲ್ಲೇ ಬೋರ್ಡ್ ಹಾಕಿ, ಮೂರು ಕಾಲಂ: ತೊಂದರೆ, ಟ್ರಯಲ್, ಮುಗಿದದ್ದು. "ಐಡಿಯಾ ಕೊಡು" ಅಂದರೆ ಎಲ್ಲರೂ ಸುಮ್ಮನಾಗುತ್ತಾರೆ. "ಈ ಶಿಫ್ಟಲ್ಲಿ ಯಾವುದು ಕಿರಿಕಿರಿ ಮಾಡಿತು?" ಅಂತ ಕೇಳಿ, ಮಾತು ತಾನಾಗೇ ಹೊರಡುತ್ತದೆ. ಬರೆಯೋಕೆ ಹಿಂಜರಿಯುವವರ ಪರವಾಗಿ ಸೂಪರ್‌ವೈಸರ್ ಬರೆಯಲಿ, ಹೆಸರು ಮಾತ್ರ ಹೇಳಿದವನದ್ದೇ ಇರಲಿ. ಎರಡು ದಿನದೊಳಗೆ ಉತ್ತರ ಬರಲೇಬೇಕು. ಆಗಲ್ಲ ಅಂದರೂ ಯಾಕೆ ಅಂತ ಅವನ ಮುಂದೆ ನಿಂತು ಹೇಳಿ. ಟೊಯೋಟಾದಲ್ಲಿ 1951ರಿಂದ ಸಲಹೆ ಪದ್ಧತಿ ನಡೆದು ಬಂದಿದೆ. ಸಣ್ಣ ಸಲಹೆಯನ್ನೂ ಬಿಡದೆ ನೋಡಿ ಜಾರಿ ಮಾಡೋದೇ ಅದರ ಜೀವ.

ಫಿಕ್ಸ್ಚರ್_ಮೇಜು
ಬ್ರಾಕೆಟ್ ವಿಷಯ. ಉಲ್ಟಾ ಕೂರಬಾರದು ಅಂದರೆ, ಜಾಬ್ (ಮಶೀನಿಗೆ ಹಾಕುವ ಪೀಸ್) ಅದನ್ನು ಹಿಡಿದಿಡುವ ಫಿಕ್ಸ್ಚರ್‌ನಲ್ಲಿ ಸರಿಯಾಗಿ ಕೂತಾಗ ಖಾಲಿ ಉಳಿಯುವ, ಉಲ್ಟಾ ಇಟ್ಟಾಗ ಅಡ್ಡ ಬರುವ ಜಾಗ ಹುಡುಕಿ ಅಲ್ಲಿ 6 ಮಿ.ಮೀ. ಹಾರ್ಡನ್ ಮಾಡಿದ ಡಾವೆಲ್ ಪಿನ್ (ಗಟ್ಟಿ ಉಕ್ಕಿನ ಗೂಟ) ಕೂರಿಸಿ. ಸುತ್ತ ಸಾಕಷ್ಟು ಸಂದು ಬಿಡಿ. ಬಿಗಿ ಮಾಡಿದರೆ ಬರ್ (ಅಂಚಿನಲ್ಲಿ ಉಳಿದ ಲೋಹದ ಚೂಪು) ಇರುವ ಒಳ್ಳೆಯ ಜಾಬೂ ಸಿಕ್ಕಿಕೊಳ್ಳುತ್ತದೆ, ಅವಸರದಲ್ಲಿ ಯಾರಾದರೂ ಪಿನ್ನನ್ನೇ ಹೊಡೆದು ತೆಗೆಯುತ್ತಾರೆ.

ಓರೆಗೆ ಕಾರಣ ಬಹುಮಟ್ಟಿಗೆ ಸೀಟಿಂಗ್ (ಜಾಬ್ ಕೂರುವ ಜಾಗ) ಮೇಲೆ, ಜಾಬ್ ಕೆಳಗೆ ಸೇರುವ ಚಿಪ್ಸ್, ಅಂದರೆ ಲೋಹದ ಚೂರು. 50 ಮಿ.ಮೀ. ಅಂತರದ ಆಸರೆಯಲ್ಲಿ ಒಂದು ಕಡೆ 0.1 ಮಿ.ಮೀ. ಚಿಪ್ ಸಿಕ್ಕರೆ, 100 ಮಿ.ಮೀ. ಉದ್ದಕ್ಕೆ 0.2 ಓರೆ. ಪೂರ್ತಿ ಚಪ್ಪಟೆ ಸೀಟಿಂಗ್ ಬದಲು 10 ಮಿ.ಮೀ. ವ್ಯಾಸದ ಮೂರು ಎತ್ತರಿಸಿದ ಪ್ಯಾಡ್ ಕೊಡಿ, ಚಿಪ್ಸ್ ಪಕ್ಕಕ್ಕೆ ಬೀಳುತ್ತದೆ. ಏರ್ ಗನ್ ಕೈಗೆಟುಕುವಂತೆ ತೂಗುಹಾಕಿ. ಮೊದಲು 20 ಪೀಸ್ ಓಡಿಸಿ, ಟ್ಯಾಗ್ ಹಾಕಿ ಬೇರೆ ಇಟ್ಟು ಎಲ್ಲವನ್ನೂ ಅಳೆಯಿರಿ. ಕಸ್ಟಮರ್ ಆಟೋಮೋಟಿವ್ ಆಗಿದ್ದರೆ ಬದಲಾವಣೆಗೆ ಮುಂಚೆ ಅವರ ಕ್ವಾಲಿಟಿಯವರಿಗೆ ತಿಳಿಸಿ ಒಪ್ಪಿಗೆ ಪಡೆಯಿರಿ.

ಈ ತರಹದ ಪಿನ್ನಿಗೆ 'ಫೂಲ್‌ಪ್ರೂಫ್' ಅಂತ ಹೆಸರಿಡಬೇಡಿ. ಇಂಥ ತಪ್ಪು ತಡೆಯುವ ವಿಧಾನ ರೂಪಿಸಿದ ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ ಕೂಡ ಮೊದಲು 'ಬಾಕಾ-ಯೋಕೆ' ಅನ್ನುತ್ತಿದ್ದರು, ಅಂದರೆ ಮೂರ್ಖರಿಂದ ಆಗುವುದನ್ನು ತಡೆಯುವುದು. 1963ರಲ್ಲಿ ಒಬ್ಬ ಕಾರ್ಮಿಕ ಮಹಿಳೆ ಅದನ್ನು ಕೇಳಿ ನೊಂದುಕೊಂಡ ಮೇಲೆ 'ಪೋಕಾ-ಯೋಕೆ' ಆಯಿತು, ಅಂದರೆ ಕೈತಪ್ಪು ತಡೆಯುವುದು. ತಪ್ಪು ಕೈಜಾರಿ ಆಗುವಂಥದ್ದು, ಮಾಡಿದವರು ದಡ್ಡರಲ್ಲ. ನಿಮ್ಮ ಹುಡುಗರು ಬಾಯಿ ಬಿಡೋದೂ ಬಿಡದಿರೋದೂ ಇಂಥ ಮಾತಿನ ಮೇಲೇ ನಿಂತಿದೆ.

ಶಿಫ್ಟ್_ಲೆಕ್ಕ
ಯಾರೂ ಹೇಳದ ಭಯ ಟಾರ್ಗೆಟ್‌ದು. 6 ನಿಮಿಷದ ಸೈಕಲ್‌ಗೆ 8 ಗಂಟೆಯಲ್ಲಿ 80 ಪೀಸ್. ಐಡಿಯಾ ಕೊಟ್ಟು 5 ನಿಮಿಷಕ್ಕೆ ಇಳಿಸಿದರೆ 96. ಮಾರನೇ ಸೋಮವಾರವೇ ಟಾರ್ಗೆಟ್ 96 ಆದರೆ, ಬುದ್ಧಿ ಓಡಿಸಿದ್ದಕ್ಕೆ ಶಿಕ್ಷೆ ಅಂತ ಇಡೀ ಶಾಪ್ ಅರ್ಥ ಮಾಡಿಕೊಳ್ಳುತ್ತದೆ. ಮೂರು ತಿಂಗಳು ಇನ್‌ಸೆಂಟಿವ್ ಹಳೇ 80ರ ಮೇಲೇ ಲೆಕ್ಕ, ಐಡಿಯಾದಿಂದ ಯಾರನ್ನೂ ಕೆಲಸದಿಂದ ತೆಗೆಯಲ್ಲ ಅಂತ ಬರೆದು ಅಂಟಿಸಿ. ಕಾಂಟ್ರಾಕ್ಟ್ ಹುಡುಗರಿಗೂ ಅದೇ ಮಾತು. 1,000 ಒಬ್ಬನಿಗೇ ಕೊಟ್ಟರೆ ಮೊದಲ ಶಿಫ್ಟಿನವನಿಗೂ ಎರಡನೆಯವನಿಗೂ ಜಗಳ. ಜಾರಿಯಾದ ಪ್ರತಿ ಐಡಿಯಾಗೆ ಸಮನಾಗಿ 100 ಕೊಡಿ.

ಪೀಣ್ಯ_ಸೆಕೆಂಡ್_ಸ್ಟೇಜ್
ಟ್ರಯಲ್‌ನ 20 ಪೀಸೂ ಕೆಟ್ಟರೆ ಯಾರ ಲೆಕ್ಕಕ್ಕೆ?

ಶಿಫ್ಟ್_ಲೆಕ್ಕ
ಆಪರೇಟರ್ ರಿಜೆಕ್ಷನ್ ಶೀಟ್‌ಗೆ ಸೇರಿಸಲೇಬೇಡಿ. 'ಟ್ರಯಲ್ ಸ್ಕ್ರ್ಯಾಪ್' ಅಂತ ಬೇರೆ ಕಾಲಂ ತೆಗೀರಿ, ಸಹಿ ಸೂಪರ್‌ವೈಸರ್‌ದಿರಲಿ. ಶನಿವಾರ ಅರ್ಧ ಗಂಟೆ ಒಂದು ಮಶೀನನ್ನು ಟ್ರಯಲ್‌ಗೇ ಮೀಸಲಿಡಿ, ಇಲ್ಲದಿದ್ದರೆ ಡಿಸ್ಪ್ಯಾಚ್ ಒತ್ತಡದಲ್ಲಿ ಅದಕ್ಕೆ ಸರದಿಯೇ ಬರಲ್ಲ.