ಸ್ಟೇನ್‌ಲೆಸ್ ವೆಲ್ಡ್‌ನ ಆಚೆ ಬದಿಯ ಬಿರುಕು ಅಲ್ಟ್ರಾಸಾನಿಕ್‌ನಲ್ಲಿ ಏಕೆ ತಪ್ಪಿಸಿಕೊಳ್ಳುತ್ತದೆ?

ಪ್ರಶ್ನೆ:
316ಎಲ್ ಸ್ಟೇನ್‌ಲೆಸ್ ಪೈಪ್, ದಪ್ಪ 25 ಮಿ.ಮೀ., ಬಟ್ ವೆಲ್ಡ್. 45 ಡಿಗ್ರಿ ಶಿಯರ್ (ಸಾಗುವ ದಿಕ್ಕಿಗೆ ಅಡ್ಡವಾಗಿ ಕಂಪಿಸುವ ಅಲೆಯ) ಪ್ರೋಬ್, 4 ಮೆಗಾಹರ್ಟ್ಸ್. ಪ್ರೋಬ್ ಇರುವ ಬದಿಯಲ್ಲೇ ರೂಟ್ (ವೆಲ್ಡ್‌ನ ಒಳತುದಿ) ಪಕ್ಕದ 2 ಮಿ.ಮೀ. ನಾಚ್ (ಪರೀಕ್ಷೆಗೆಂದು ಕೊರೆದ ಗೀರು) ಚೆನ್ನಾಗಿ ಕಾಣುತ್ತದೆ. ಅಷ್ಟೇ ನಾಚ್ ವೆಲ್ಡ್‌ನ ಆಚೆಗಿದ್ದರೆ ಎಕೋ ಗ್ರಾಸ್‌ನಲ್ಲಿ (ಪರದೆಯ ತಳದ ಹುಲ್ಲಿನಂತಹ ಗದ್ದಲದಲ್ಲಿ) ಮುಳುಗುತ್ತದೆ, ಕೆಲವೊಮ್ಮೆ ಬೇರೆಯೇ ಜಾಗ ತೋರಿಸುತ್ತದೆ. ಗೇನ್ (ಸಂಕೇತದ ವರ್ಧನೆ) ಏರಿಸಿದರೆ ಗ್ರಾಸ್ ಕೂಡ ಏರುತ್ತದೆ. ಕಾರ್ಬನ್ ಸ್ಟೀಲ್‌ನಲ್ಲಿ ಈ ತೊಂದರೆ ಇಲ್ಲ. ಯಾಕೆ?

ಉತ್ತರ 1:
ಗೇನ್ ಮುಟ್ಟಬೇಡಿ, ಅಲೆಯನ್ನೇ ಬದಲಿಸಿ. ಕರಗಿದ ಲೋಹ ಹೆಪ್ಪುಗಟ್ಟುವಾಗ ಶಾಖ ಹರಿದುಹೋಗುವ ದಿಕ್ಕಿನಲ್ಲಿ ಉದ್ದುದ್ದ ಕಂಬದಂತಹ ಗ್ರೇನ್‌ಗಳು (ಲೋಹದ ಹರಳುಗಳು) ಬೆಳೆಯುತ್ತವೆ, ಒಂದು ಪಾಸ್‌ನಿಂದ (ವೆಲ್ಡ್ ಪದರದಿಂದ) ಮುಂದಿನದಕ್ಕೂ ಅವೇ ಮುಂದುವರಿಯುತ್ತವೆ. ಕಾರ್ಬನ್ ಸ್ಟೀಲ್ ತಣಿಯುವಾಗ ಆಸ್ಟೆನೈಟ್ ಎಂಬ ಹರಳು ರಚನೆ ಫೆರೈಟ್ ಎಂಬ ಇನ್ನೊಂದು ರಚನೆಯಾಗಿ ಮಾರ್ಪಟ್ಟು ಈ ಕಂಬಗಳು ಒಡೆಯುತ್ತವೆ. 316ಎಲ್‌ನಲ್ಲಿ ಹಾಗೆ ಒಡೆಯುವುದಿಲ್ಲ.

ಇಂತಹ ಹರಳಿನಲ್ಲಿ ದಿಕ್ಕು ಬದಲಾದಂತೆ ಶಿಯರ್ ವೇಗ ಸುಮಾರು 2,100ರಿಂದ 4,000 ಮೀ/ಸೆ. ವರೆಗೆ ಓಡಾಡುತ್ತದೆ. ಲಾಂಗಿಟ್ಯೂಡಿನಲ್ (ಸಾಗುವ ದಿಕ್ಕಿನಲ್ಲೇ ಕಂಪಿಸುವ) ಅಲೆಯ ವೇಗ ಸುಮಾರು 5,200ರಿಂದ 6,000ದ ಆಸುಪಾಸು, ಅಷ್ಟೇ. ವೇಗ ದಿಕ್ಕನ್ನು ಅವಲಂಬಿಸಿದಾಗ ಅಲೆಯ ಮುಖ ಒಂದು ಕಡೆ, ಶಕ್ತಿ ಇನ್ನೊಂದು ಕಡೆ ಸಾಗುತ್ತದೆ. ನಿಮ್ಮ ಕಿರಣ ಬಾಗಿ ನಾಚ್ ತಪ್ಪಿಸಿಕೊಂಡು ಹೋಗಿದೆ.

2 ಮೆಗಾಹರ್ಟ್ಸ್‌ನ, ಕಳಿಸುವ ಮತ್ತು ಪಡೆಯುವ ಹರಳು ಬೇರೆಬೇರೆ ಇರುವ ಲಾಂಗಿಟ್ಯೂಡಿನಲ್ ಆಂಗಲ್ ಪ್ರೋಬ್ ಬಳಸಿ: 45 ಮತ್ತು 60 ಡಿಗ್ರಿ. ನಿಮ್ಮ ಈಗಿನ ತರಂಗಾಂತರ 0.8 ಮಿ.ಮೀ. ಇದ್ದದ್ದು ಸುಮಾರು 2.9 ಆಗುತ್ತದೆ, ಗ್ರೇನ್‌ಗಳಿಂದ ಚದುರುವಿಕೆ ತಗ್ಗುತ್ತದೆ. ಕಂಬದ ಅಕ್ಷಕ್ಕೆ 45 ಡಿಗ್ರಿ ಆಸುಪಾಸಿನಲ್ಲಿ ಹೋಗುವ ಲಾಂಗಿಟ್ಯೂಡಿನಲ್ ಅಲೆ ಅತಿ ಕಡಿಮೆ ಸೊರಗುತ್ತದೆ.

ಉತ್ತರ 2:
ಮೇಲಿನದು ಸರಿ, ಆದರೆ 60 ಡಿಗ್ರಿ ಪ್ರೋಬ್‌ನಲ್ಲಿ ಒಂದು ಮೋಸ ಇದೆ. ಜತೆಗೇ ಸುಮಾರು 28 ಡಿಗ್ರಿ ಶಿಯರ್ ಅಲೆಯೂ ಹೊರಡುತ್ತದೆ. 25 ಮಿ.ಮೀ. ದಪ್ಪದಲ್ಲಿ ಲಾಂಗಿಟ್ಯೂಡಿನಲ್ ರೂಟ್ ಮುಟ್ಟುವ ದಾರಿ 50 ಮಿ.ಮೀ., ಆಗ ಪ್ರೋಬ್ ರೂಟ್‌ನಿಂದ 43 ಮಿ.ಮೀ. ಹಿಂದಿರುತ್ತದೆ. ಪ್ರೋಬ್ 13 ಮಿ.ಮೀ. ದೂರಕ್ಕೆ ಬಂದಾಗ ಶಿಯರ್ ಅದೇ ಮೂಲೆಯನ್ನು ಹೊಡೆದು ಪರದೆಯಲ್ಲಿ 52 ಮಿ.ಮೀ. ಎಂದು ಕಾಣಿಸುತ್ತದೆ! ಸ್ಕ್ರೀನ್ ದೂರವನ್ನಷ್ಟೇ ನೋಡಿ ತೀರ್ಮಾನಿಸಬೇಡಿ, ಪ್ರೋಬ್ ಇಂಡೆಕ್ಸ್‌ನಿಂದ (ಕಿರಣ ಹೊರಡುವ ಬಿಂದುವಿನಿಂದ) ವೆಲ್ಡ್ ಸೆಂಟರ್‌ಗೆ ಪ್ರತಿ ಸಲ ಅಳೆಯಿರಿ.

ಒಳಗೋಡೆಗೆ ಬಡಿಸಿ ಹಿಂದಿರುಗಿಸುವ ಸ್ಕಿಪ್ ಇಲ್ಲಿ ನಡೆಯುವುದಿಲ್ಲ, ಲಾಂಗಿಟ್ಯೂಡಿನಲ್ ಅಲೆ ಅಲ್ಲಿ ಬಹುಪಾಲು ಶಿಯರ್ ಆಗಿಬಿಡುತ್ತದೆ. ಹಾಗಾಗಿ ಪ್ರೋಬ್ ವೆಲ್ಡ್ ಮೇಲೂ ಸರಿಯುವಂತೆ ಕ್ಯಾಪ್ (ವೆಲ್ಡ್‌ನ ಮೇಲಿನ ಉಬ್ಬು) ಸಮತಟ್ಟಾಗಿ ಉಜ್ಜಿಸಿ.

ಕ್ಯಾಲಿಬ್ರೇಷನ್ ಬ್ಲಾಕ್ ಅದೇ ವೆಲ್ಡಿಂಗ್ ವಿಧಾನ, ಅದೇ ಪೊಸಿಷನ್‌ನ ತುಂಡಿನಿಂದಲೇ ಆಗಬೇಕು. ಪೈಪ್ ನೆಟ್ಟಗೆ ನಿಂತು ವೆಲ್ಡ್ ಅಡ್ಡಲಾಗಿ ಸುತ್ತುವ ಪೊಸಿಷನ್‌ನಲ್ಲಿ ಕಂಬಗಳು ಒಂದು ಬದಿಗೆ ವಾಲುತ್ತವೆ. ಎರಡೂ ಫ್ಯೂಷನ್ ಲೈನ್‌ನಲ್ಲಿ (ವೆಲ್ಡ್ ಪೈಪ್‌ಗೆ ಕೂಡುವ ಗಡಿಯಲ್ಲಿ) ರಂಧ್ರ ಕೊರೆಸಿ, ಎರಡು ಬದಿಗೂ ಬೇರೆಬೇರೆ ಡಿಎಸಿ (ದೂರಕ್ಕೆ ತಕ್ಕ ಎಕೋ ಎತ್ತರದ ಗೆರೆ) ಎಳೆಯಿರಿ.

ಪ್ರಶ್ನೆ ಕೇಳಿದವರು:
ಕ್ಯಾಪ್ ಉಜ್ಜಲು ಅನುಮತಿ ಸಿಗದಿದ್ದರೆ? ನಿಜವಾದ ಬಿರುಕೂ ನಾಚ್‌ನಷ್ಟೇ ಕಾಣುತ್ತದೆಯೇ?

ಉತ್ತರ 3:
ಅಷ್ಟು ಕಾಣುವುದಿಲ್ಲ. ನಾಚ್‌ನ ಬಾಯಿ ತೆರೆದಿರುತ್ತದೆ, ಮುಖ ನಯ. ಒತ್ತಡದಿಂದ ಮುಚ್ಚಿಕೊಂಡ ಬಿರುಕಿನ ಎರಡು ಮುಖ ತಾಗಿದಲ್ಲೆಲ್ಲ ಅಲೆ ದಾಟಿ ಹೋಗುತ್ತದೆ. ಕವಲೊಡೆದ ಒತ್ತಡ-ತುಕ್ಕಿನ ಬಿರುಕಾದರೆ ಎಕೋ ಚೂರುಚೂರು. ಪ್ರೋಬನ್ನು 2–3 ಮಿ.ಮೀ. ಸರಿಸಿ ನೋಡಿ: ಗ್ರೇನ್ ಎಕೋ ಮಿಂಚಿ ಮಾಯವಾಗುತ್ತದೆ, ಬಿರುಕಿನದು ಪರದೆಯ ಮೇಲೆ ನಡೆದುಕೊಂಡು ಹೋಗುತ್ತದೆ. ಎತ್ತರವನ್ನು ತುದಿಯ ಎಕೋದಿಂದ ಅಳೆಯುವಾಗ 5% ವೇಗದ ತಪ್ಪು 50 ಮಿ.ಮೀ. ದಾರಿಯಲ್ಲಿ 2.5 ಮಿ.ಮೀ. ವ್ಯತ್ಯಾಸ ಕೊಡುತ್ತದೆ, ಅಂದರೆ ನಿಮ್ಮ ನಾಚ್‌ಗಿಂತಲೂ ಹೆಚ್ಚು.

ಕ್ಯಾಪ್ ಉಳಿದರೆ ಎರಡೂ ಬದಿಯಿಂದ ನೋಡಿ. ವೆಲ್ಡ್ ಪಕ್ಕದ ಶಾಖಪೀಡಿತ ಭಾಗದ ಬಿರುಕಿಗೆ ಅದೇ ಬದಿಯಿಂದ 45 ಡಿಗ್ರಿ ಶಿಯರ್ ಇವತ್ತಿಗೂ ಉತ್ತಮ, ಅದು ವೆಲ್ಡ್ ಲೋಹ ದಾಟಬೇಕಿಲ್ಲ. ಕಿರಣ ಮುಟ್ಟದ ಭಾಗವನ್ನು ಸ್ಕೆಚ್ ಸಮೇತ ರಿಪೋರ್ಟ್‌ನಲ್ಲಿ ಬರೆಯಿರಿ.