ಎಮ್‌ಆರ್‌ಐ ನಾರ್ಮಲ್ ಬಂದಿದೆ, ಆದರೂ ಡಾಕ್ಟರ್ ಪಾರ್ಕಿನ್ಸನ್ ಅಂತಾರೆ. ಇದು ಹೇಗೆ?

ತೋಟದಮನೆ, ಶಿರಸಿ:
ನಮ್ಮ ಅಪ್ಪಯ್ಯನಿಗೆ 68 ವರ್ಷ. ಬಲಗೈ ನಡುಗುತ್ತದೆ, ಅದೂ ತೊಡೆ ಮೇಲೆ ಕೈ ಇಟ್ಟು ಸುಮ್ನೆ ಕೂತಾಗ ಜಾಸ್ತಿ. ಮೆಟ್ಟುಗತ್ತಿ ಎದುರು ಕೂತರೆ ಈಗಲೂ ಅಡಿಕೆ ಸುಲಿಯುತ್ತಾರೆ, ಮೊದಲಿನ ಕೈ ಓಟ ಮಾತ್ರ ಇಲ್ಲ. ಅವರ ಲೆಕ್ಕದ ಪುಸ್ತಕ ನೋಡಿದರೆ ಬೇಜಾರಾಗುತ್ತದೆ. ಸಾಲು ಶುರುವಾಗುವಾಗ ಅಕ್ಷರ ಸರಿ ಇರುತ್ತದೆ, ಕೊನೆಗೆ ಬರುವಷ್ಟರಲ್ಲಿ ಓದಲಾಗದಷ್ಟು ಸಣ್ಣ. ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಎಮ್‌ಆರ್‌ಐ ಮಾಡಿಸಿದೆವು. ವಯಸ್ಸಿಗೆ ತಕ್ಕ ಬದಲಾವಣೆ ಬಿಟ್ಟರೆ ಏನೂ ಇಲ್ಲ ಅಂತ ರಿಪೋರ್ಟ್. ನ್ಯೂರಾಲಜಿ ಡಾಕ್ಟರು ಮಾತ್ರ ಬೆರಳು ತಟ್ಟಿಸಿ, ನಾಲ್ಕು ಹೆಜ್ಜೆ ನಡೆಸಿ ನೋಡಿ ಪಾರ್ಕಿನ್ಸನ್ ಅಂದರು. ಸ್ಕ್ಯಾನೇ ಸರಿ ಇದೆಯಲ್ಲ, ಮಾತ್ರೆ ಯಾಕೆ ಅಂತ ಮನೆಯಲ್ಲಿ ಎಲ್ಲರ ಪ್ರಶ್ನೆ. ಇನ್ನೂ ದೊಡ್ಡ ಸ್ಕ್ಯಾನ್ ಮಾಡಿಸೋಣ ಅಂತ ಅಣ್ಣನ ಹಠ. ಗೊತ್ತಿದ್ದವರು ದಯವಿಟ್ಟು ಹೇಳಿ.

ಅಘನಾಶಿನಿ:
ನಾನು ಎಮ್‌ಆರ್‌ಐ ಟೆಕ್ನಿಷಿಯನ್, ಊರು ಕುಮಟಾ. ಈ ಪ್ರಶ್ನೆ ನಮ್ಮ ರೂಮಿನ ಹೊರಗೆ ದಿನಾ ಕೇಳುತ್ತಾರೆ. ಎಮ್‌ಆರ್‌ಐ ಹಿಡಿಯುವುದು ಮೈಯಲ್ಲಿರುವ ನೀರಿನ ಹೈಡ್ರೋಜನ್ ಕೊಡುವ ಸಂಕೇತವನ್ನು. ಅದರಿಂದ ಮೆದುಳಿನ ಆಕಾರ ಚೆನ್ನಾಗಿ ಕಾಣುತ್ತದೆ. ಗಡ್ಡೆ, ಹಳೇ ಸ್ಟ್ರೋಕ್, ಒಳಗೆ ನೀರು ತುಂಬಿಕೊಂಡಿದ್ದು ಎಲ್ಲ ಸಿಗುತ್ತದೆ. ಪಾರ್ಕಿನ್ಸನ್‌ನಲ್ಲಿ ಸಾಯುವುದು ಮೆದುಳಿನ ಬುಡದಲ್ಲಿ, ಸಬ್‌ಸ್ಟಾನ್ಷಿಯಾ ನೈಗ್ರಾ ಅನ್ನೋ ಸಣ್ಣ ಜಾಗದಲ್ಲಿ ಡೋಪಮೈನ್ (ಕೈಕಾಲು ಸರಾಗ ಆಡಲು ಬೇಕಾದ ರಾಸಾಯನಿಕ) ಮಾಡುವ ಕೋಶಗಳು. ಡ್ರೋನ್ ಹಾರಿಸಿ ತೋಟದ ಫೋಟೋ ತೆಗೆದರೆ ಮರ ನಿಂತಿದ್ದು ಕಾಣುತ್ತದೆ, ಬುಡಕ್ಕೆ ಬೇರುಹುಳ ಹತ್ತಿದ್ದು ಕಾಣುವುದಿಲ್ಲ, ಅಲ್ವಾ? ಹಾಗಾಗಿ ನಾರ್ಮಲ್ ರಿಪೋರ್ಟ್ ಅಂದರೆ ಪಾರ್ಕಿನ್ಸನ್ ಇಲ್ಲ ಅಂತ ಅಲ್ಲ, ಹಾಗೇ ತೋರುವ ಬೇರೆ ಕಾಯಿಲೆ ಕಂಡಿಲ್ಲ ಅಂತ. ಆ ಮಟ್ಟಿಗೆ ಒಳ್ಳೇ ಸುದ್ದಿ. ಸ್ಕ್ಯಾನ್ ದುಡ್ಡು ದಂಡ ಅಂತ ಮಾತ್ರ ಅಂದುಕೊಳ್ಳಬೇಡಿ.

ಕಾಳಿತೀರ, ಕಾರವಾರ:
ನಮ್ಮ ಚಿಕ್ಕಮ್ಮನಿಗೂ ಕೈ ನಡುಕ ಇತ್ತು. ಆದರೆ ಅವರದು ಚಹಾ ಲೋಟ ಎತ್ತುವಾಗ, ಸೂಜಿಗೆ ದಾರ ಹಾಕುವಾಗ ಜಾಸ್ತಿ, ಸುಮ್ನೆ ಕೂತರೆ ಇಲ್ಲವೇ ಇಲ್ಲ. ಡಾಕ್ಟರಿಗೇ ಸಂಶಯ ಉಳಿದಿದ್ದರಿಂದ ಟ್ರೋಡ್ಯಾಟ್ ಸ್ಕ್ಯಾನ್ ಬರೆದುಕೊಟ್ಟರು. ನರಕ್ಕೆ ಟೆಕ್ನೀಷಿಯಮ್ ಅನ್ನೋ ವಿಕಿರಣ ಸೂಸುವ ವಸ್ತು ಸೇರಿಸಿದ ಇಂಜೆಕ್ಷನ್ ಕೊಟ್ಟು, ಕೆಲವು ಗಂಟೆ ಕೂರಿಸಿ, ಆಮೇಲೆ ತಲೆ ಸ್ಕ್ಯಾನ್ ಮಾಡುತ್ತಾರೆ. ಡೋಪಮೈನ್ ನರದ ತುದಿಗಳು ಎಷ್ಟು ಉಳಿದಿವೆ ಅಂತ ಅದು ತೋರಿಸುತ್ತದೆ. ಸರಿ ಇದ್ದರೆ ಎರಡೂ ಕಡೆ ಅಲ್ಪವಿರಾಮ ಚಿಹ್ನೆಯ ಆಕಾರ, ಪಾರ್ಕಿನ್ಸನ್ ಇದ್ದರೆ ಬಾಲ ಅಳಿಸಿಹೋಗಿ ಬರೀ ಚುಕ್ಕೆ. ಚಿಕ್ಕಮ್ಮನ ಚಿತ್ರದಲ್ಲಿ ಬಾಲ ಹಾಗೇ ಇತ್ತು. ಪಾರ್ಕಿನ್ಸನ್ ಅಲ್ಲ, ಎಸೆನ್ಷಿಯಲ್ ಟ್ರೆಮರ್ ಅನ್ನೋ ಬೇರೆ ಥರದ ನಡುಕ ಅಂತ ಗಟ್ಟಿ ಆಯ್ತು, ಔಷಧಿಯೇ ಬದಲಾಯ್ತು. ನಮ್ಮ ಕಡೆಯವರು ಇಂಥದ್ದಕ್ಕೆಲ್ಲ ಮಂಗಳೂರು, ಮಣಿಪಾಲ, ಗೋವಾ ಅಂತ ವಯಸ್ಸಾದವರನ್ನು ಕಾರಿನಲ್ಲಿ ಕೂರಿಸಿಕೊಂಡು ಅಲೆಯಬೇಕು, ಅದೊಂದು ದೊಡ್ಡ ಸಂಕಟ. ಅದಕ್ಕೇ ಹೊರಡುವ ಮೊದಲು ಈ ಸ್ಕ್ಯಾನಿನಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಅಂತ ಡಾಕ್ಟರನ್ನು ನೇರವಾಗಿ ಕೇಳಿ.

ಇಡಗುಂಜಿ ದಾರಿ:
ಹೊನ್ನಾವರದವನು, ಬೆಂಗಳೂರಿನಲ್ಲಿ ಮೆದುಳಿನ ಸ್ಕ್ಯಾನ್ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಕಾಳಿತೀರ ಅವರ ಮಾತಿಗೆ ಒಂದು ಸೇರಿಸಬೇಕು. ಪಾರ್ಕಿನ್ಸನ್‌ಗೆ ಹೋಲುವ ಪಿಎಸ್‌ಪಿ, ಎಮ್‌ಎಸ್‌ಎ ಅಂತ ಬೇರೆ ಕಾಯಿಲೆಗಳಿವೆ, ಅವುಗಳಲ್ಲೂ ಟ್ರೋಡ್ಯಾಟ್ ಕೆಟ್ಟೇ ಬರುತ್ತದೆ. ಅವುಗಳ ಸುಳಿವು ಕೆಲವೊಮ್ಮೆ ಮಾಮೂಲಿ ಎಮ್‌ಆರ್‌ಐನಲ್ಲೇ ಸಿಗುತ್ತದೆ. ದೊಡ್ಡ ಸ್ಕ್ಯಾನ್, ಸಣ್ಣ ಸ್ಕ್ಯಾನ್ ಅಂತ ಇಲ್ಲ, ಒಂದೊಂದು ಒಂದೊಂದು ಪ್ರಶ್ನೆಗೆ.
1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆ ಬಗ್ಗೆ ಬರೆದಿದ್ದು ಬರೀ ಆರು ಜನರನ್ನು ನೋಡಿ, ಅದರಲ್ಲೂ ಕೆಲವರನ್ನು ಬೀದಿಯಲ್ಲಿ ಕಂಡು. ಇವತ್ತಿಗೂ ಮುಖ್ಯ ಪರೀಕ್ಷೆ ಅನುಭವ ಇರುವ ಡಾಕ್ಟರ ಕಣ್ಣೇ.
ಸಂಶೋಧನೆ ಈಗ ಇನ್ನೂ ಹಿಂದಕ್ಕೆ ಹೋಗುತ್ತಿದೆ. ಕೈ ನಡುಗುವ ಹೊತ್ತಿಗೆ ಆ ಕೋಶಗಳು ಬಹಳಷ್ಟು ಹೋಗಿಬಿಟ್ಟಿರುತ್ತವೆ. ವಾಸನೆ ತಿಳಿಯದಿರುವುದು, ನಿದ್ದೆಯಲ್ಲಿ ಕೂಗಿ ಕೈಕಾಲು ಬಡಿಯುವುದು, ಮಲಬದ್ಧತೆ, ಇವು ಎಷ್ಟೋ ವರ್ಷ ಮೊದಲೇ ಬರಬಹುದು. ಪಾರ್ಕಿನ್ಸನ್ ಹೇಗೆ ಬೆಳೆಯುತ್ತದೆ ಅನ್ನೋದರ ಗುರುತು ಹುಡುಕಲು 2010ರಲ್ಲಿ ಶುರುವಾದ ಪಿಪಿಎಮ್‌ಐ ಅನ್ನೋ ಅಧ್ಯಯನದಲ್ಲಿ ಅಂಥವರನ್ನೂ ಸೇರಿಸಿಕೊಂಡು ವರ್ಷಗಟ್ಟಲೆ ಸ್ಕ್ಯಾನ್ ಮಾಡಿ ನೋಡುತ್ತಿದ್ದಾರೆ. ನಡುಕ ಶುರುವಾಗುವ ಮೊದಲೇ ಹಿಡಿಯಬೇಕು ಅನ್ನೋದು ಆಸೆ. ಆದರೆ ನೂರಾರು ಜನರ ಸರಾಸರಿಯಲ್ಲಿ ಕಂಡ ವ್ಯತ್ಯಾಸ ಇಟ್ಟುಕೊಂಡು ಒಬ್ಬರ ಬಗ್ಗೆ ಖಚಿತವಾಗಿ ಹೇಳಲಾಗುವುದಿಲ್ಲ. ಯಾರಾದರೂ ಬಣ್ಣಬಣ್ಣದ ಮೆದುಳಿನ ಚಿತ್ರ ತೋರಿಸಿ ಎಲ್ಲ ಕಾಯಿಲೆ ಹೇಳ್ತೇವೆ ಅಂದರೆ ದುಡ್ಡು ಕೊಡಬೇಡಿ.
ಅಪ್ಪಯ್ಯನಿಗೆ ಅಪ್ಪೆಮಿಡಿ ಉಪ್ಪಿನಕಾಯಿಯ ವಾಸನೆ ತಿಳಿಯುತ್ತದೆಯಾ? ಬೇರೆ ಯಾವ ಮಾತ್ರೆ ತಗೊಳ್ತಾರೆ? ಕೆಲವು ಗ್ಯಾಸ್ ಮತ್ತು ತಲೆಸುತ್ತಿನ ಮಾತ್ರೆಗಳಿಂದಲೂ ಇಂಥ ನಡುಕ ಬರುತ್ತದೆ. ಲೆವೋಸಲ್ಪಿರೈಡ್, ಮೆಟೊಕ್ಲೋಪ್ರಮೈಡ್, ಸಿನ್ನರಿಜಿನ್, ಫ್ಲುನರಿಜಿನ್, ಈ ಹೆಸರು ಇವೆಯಾ ನೋಡಿ.

ತೋಟದಮನೆ, ಶಿರಸಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭರಣಿ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದೆ. ಏನೋ ಹುಳಿ ಹುಳಿ ಅಂದರು, ಗೊತ್ತಾಗಿ ಹೇಳಿದರೋ ನೋಡಿ ಹೇಳಿದರೋ ತಿಳಿಯಲಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಗ್ಯಾಸ್ ಮಾತ್ರೆ ಬಹಳ ಕಾಲದಿಂದ ತಗೊಳ್ತಾರೆ. ಸ್ಟ್ರಿಪ್ ಹಿಂದೆ ಎರಡು ಹೆಸರಿವೆ, ಎರಡನೆಯದು ಲೆವೋಸಲ್ಪಿರೈಡ್! ಹುಬ್ಬಳ್ಳಿಯಲ್ಲಿ ಇದನ್ನು ನಾವೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಇವತ್ತೇ ನಿಲ್ಲಿಸಲಾ?

ಇಡಗುಂಜಿ ದಾರಿ:
ನೀವಾಗಿ ಏನೂ ಮಾಡಬೇಡಿ. ಇವತ್ತೇ ನ್ಯೂರಾಲಜಿ ಡಾಕ್ಟರಿಗೆ ಫೋನ್ ಮಾಡಿ, ಸ್ಟ್ರಿಪ್ಪಿನ ಫೋಟೋ ಕಳಿಸಿ. ಮಾತ್ರೆಯೇ ಕಾರಣ ಆಗಿದ್ದರೆ, ನಿಲ್ಲಿಸಿದ ಮೇಲೆ ನಡುಕ ಇಳಿಯಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಇಳಿಯದಿದ್ದರೆ ಟ್ರೋಡ್ಯಾಟ್ ಬಗ್ಗೆ ಕೇಳಿ. ಬರೀ ಮಾತ್ರೆಯಿಂದ ಬಂದ ನಡುಕವಾದರೆ ಆ ಸ್ಕ್ಯಾನ್ ಸಾಮಾನ್ಯವಾಗಿ ನಾರ್ಮಲ್ ಬರುತ್ತದೆ, ಒಳಗೆ ಪಾರ್ಕಿನ್ಸನ್ ಇದ್ದರೆ ಬರುವುದಿಲ್ಲ. ಲೆಕ್ಕದ ಪುಸ್ತಕದ ಹಳೇ ಪುಟ ಒಂದು, ಹೊಸ ಪುಟ ಒಂದು ಫೋಟೋ ತೆಗೆದು ಜೊತೆಗೆ ಕಳಿಸಿ. ಅಕ್ಷರ ಯಾವಾಗಿನಿಂದ ಸಣ್ಣದಾಯಿತು, ಮಾತ್ರೆ ಯಾವಾಗ ಶುರುವಾಯಿತು ಅಂತ ತಾಳೆ ನೋಡಲು ಡಾಕ್ಟರಿಗೆ ಅದು ಬೇಕಾಗುತ್ತದೆ.